ಬರೋಲೊ ಸವಿಯಲು ಕಲಿಯುವವರಿಗೆ: ಒಗರಿನಿಂದಲೇ ಶುರು ಮಾಡಿ

ಇಟಲಿಯ ಬರೋಲೊ ವೈನಿನ ಬಾಟಲಿಯನ್ನು ಮೊದಲ ಸಲ ತೆರೆದ ಬಹಳ ಮಂದಿಗೆ ನಿರಾಸೆಯಾಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಕೆಂಪು ವೈನ್ ಗ್ಲಾಸಿಗೆ ಬಿದ್ದಾಗ ಬಣ್ಣ ತೆಳ್ಳಗೆ, ಅಂಚಿನಲ್ಲಿ ಇಟ್ಟಿಗೆ ಕೆಂಪು. ಒಂದು ಗುಟುಕು ಕುಡಿದರೆ ಒಸಡು, ಕೆನ್ನೆಯ ಒಳಮೈ ಎಲ್ಲ ಒಣಗಿ ಬಾಯಿ ಹಿಡಿದುಕೊಂಡಂತೆ ಆಗುತ್ತದೆ. ವೈನ್ ಕೆಟ್ಟಿದೆ ಎಂದುಕೊಂಡು ಬಾಟಲಿ ಮುಚ್ಚಿಡುತ್ತಾರೆ. ಅದು ಕೆಟ್ಟಿರುವುದಿಲ್ಲ. ತೆಳು ಬಣ್ಣ, ಚುರುಕು ಹುಳಿ, ಬಾಯಿ ಕಟ್ಟುವ ಒಗರು ಈ ಮೂರೂ ನೆಬ್ಬಿಯೋಲೊ ದ್ರಾಕ್ಷಿಯ ಹುಟ್ಟುಗುಣ. ಬರೋಲೊ ಎಂದು ಹೆಸರಿಡಲು ನೂರಕ್ಕೆ ನೂರು ನೆಬ್ಬಿಯೋಲೊ ಆಗಿರಬೇಕು ಎಂಬುದು ಇಟಲಿಯ ಕಾನೂನು.

ಕನ್ನಡದ ನಾಲಿಗೆಗೆ ಇಲ್ಲೊಂದು ಅನುಕೂಲವಿದೆ. ಸಿಹಿ, ಹುಳಿ, ಉಪ್ಪು, ಕಾರ, ಕಹಿಗಳ ಸಾಲಿನಲ್ಲಿ ಒಗರನ್ನೂ ಒಂದು ರುಚಿಯೆಂದು ಎಣಿಸಿ ಬೆಳೆದವರು ನಾವು. ನೇರಳೆ ಹಣ್ಣು ತಿಂದ ನಾಲಿಗೆ, ಬಲಿಯದ ಬಾಳೆಕಾಯಿ, ಹಸಿ ಅಡಿಕೆ, ಗೇರುಹಣ್ಣು, ಇವೆಲ್ಲ ಬಾಯಿಗೆ ಗೊತ್ತು. ಬರೋಲೊ ಕಲಿಕೆಯ ಮುಕ್ಕಾಲು ಪಾಲು ಈ ಒಗರನ್ನು ಓದುವುದೇ: ಎಷ್ಟಿದೆ, ಬಾಯಲ್ಲಿ ಎಲ್ಲಿ ಕೂತಿದೆ, ಮಾಗಿದ ಒಗರೋ ಹಸಿ ಒಗರೋ, ಊಟದ ಜೊತೆ ಏನಾಗುತ್ತದೆ. ಸಿಹಿ ವೈನಿನಿಂದ ಶುರು ಮಾಡಿದವರು, ಅದರಲ್ಲೂ ಬೆಂಗಳೂರು ನೀಲಿ ದ್ರಾಕ್ಷಿಯ ವೈನ್ ಕುಡಿದು ಅಭ್ಯಾಸವಾದವರು, ಮೊದಲು ಈ ಒಂದು ಪಾಠ ಮುಗಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ವೈನ್ ಬೇಕಾಗಿಲ್ಲ.

ಮೊದಲ ಪಾಠ ಟೀ ಲೋಟದಲ್ಲಿ

ಮೂರು ಲೋಟ ಇಟ್ಟುಕೊಳ್ಳಿ. ಒಂದೊಂದಕ್ಕೂ 2 ಗ್ರಾಂ ಟೀ ಸೊಪ್ಪು ಅಥವಾ ಒಂದು ಟೀ ಬ್ಯಾಗು, 150 ಮಿಲಿ ಕುದಿಯುವ ನೀರು. ಮೊದಲನೆಯದನ್ನು 2 ನಿಮಿಷಕ್ಕೆ, ಎರಡನೆಯದನ್ನು 5 ನಿಮಿಷಕ್ಕೆ, ಮೂರನೆಯದನ್ನು 10 ನಿಮಿಷಕ್ಕೆ ಸೋಸಿ. ಸಕ್ಕರೆ, ಹಾಲು ಬೇಡ. ಉಗುರುಬೆಚ್ಚಗಾದ ಮೇಲೆ ಇದೇ ಕ್ರಮದಲ್ಲಿ ಒಂದೊಂದು ಗುಟುಕು ಬಾಯಲ್ಲಿ ಹತ್ತು ಸೆಕೆಂಡು ಆಡಿಸಿ. ಮೂರನೆಯದಕ್ಕೆ ಬರುವ ಹೊತ್ತಿಗೆ ಮೇಲ್ತುಟಿ ಒಸಡಿಗೆ ಅಂಟುತ್ತದೆ, ನಾಲಿಗೆ ಒರಟಾಗುತ್ತದೆ. ಟೀಯಲ್ಲಿರುವ ಟ್ಯಾನಿನ್ನುಗಳು ಎಂಜಲಿನ ಪ್ರೋಟೀನನ್ನು ಹಿಡಿದು ಗಂಟು ಕಟ್ಟುತ್ತವೆ. ಬಾಯಿಯ ಜಾರಿಕೆ ಹೋಗಿ ಒಣಗಿದಂತೆ ಅನಿಸುವುದು ಅದಕ್ಕೇ. ದ್ರಾಕ್ಷಿಯ ಸಿಪ್ಪೆಯಲ್ಲಿ, ಬೀಜದಲ್ಲಿ ಇರುವುದೂ ಇದೇ ಬಳಗದ ವಸ್ತು.

ಈಗ ಮೂರನೇ ಲೋಟಕ್ಕೆ ಎರಡು ಚಮಚ ಹಾಲು ಹಾಕಿ ಕುಡಿಯಿರಿ. ಒಗರು ಅರ್ಧಕ್ಕರ್ಧ ಮಾಯ. ಟ್ಯಾನಿನ್ನಿಗೆ ಹಿಡಿದುಕೊಳ್ಳಲು ಹಾಲಿನ ಪ್ರೋಟೀನು ಸಿಕ್ಕಿತು, ಎಂಜಲಿನದು ಉಳಿಯಿತು. ಬರೋಲೊ ಜೊತೆ ಚೀಸ್, ಬೆಣ್ಣೆ, ಮಾಂಸ ಯಾಕೆ ಬೇಕು ಎನ್ನುವುದಕ್ಕೆ ಇಷ್ಟೇ ಉತ್ತರ. ಕೊನೆಗೆ ಮೊದಲ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ. ಹುಳಿಗೆ ಬಾಯಲ್ಲಿ ನೀರೂರುತ್ತದೆ, ಒಗರಿಗೆ ನೀರು ಇಂಗುತ್ತದೆ. ಬರೋಲೊದಲ್ಲಿ ಈ ಎರಡೂ ಒಟ್ಟಿಗೇ ನಡೆಯುತ್ತವೆ. ಅವನ್ನು ಬಿಡಿಸಿ ಗುರುತಿಸಲು ಬಂದರೆ ಆ ವೈನು ಬರೀ ‘ಸ್ಟ್ರಾಂಗ್’ ಆಗಿ ಉಳಿಯುವುದಿಲ್ಲ.

ಯಾವ ನೆಲ, ಯಾವ ಗುಡ್ಡ

ಇಟಲಿಯ ವಾಯವ್ಯಕ್ಕೆ ಪಿಯೆಮೊಂಟೆ ಪ್ರಾಂತ್ಯ. ಅದರೊಳಗೆ ಆಲ್ಬಾ ಪಟ್ಟಣದ ನೈಋತ್ಯಕ್ಕೆ ಲಾಂಗೆ ಎಂಬ ಗುಡ್ಡಸಾಲು. ಇಲ್ಲಿನ 11 ಊರುಗಳ ಇಳಿಜಾರುಗಳಲ್ಲಿ ಬೆಳೆದ ನೆಬ್ಬಿಯೋಲೊಗೆ ಮಾತ್ರ ಬರೋಲೊ ಎನ್ನುವ ಹೆಸರು ಸಲ್ಲುತ್ತದೆ. ನೆಬ್ಬಿಯೋಲೊ ಎಂಬ ಹೆಸರು ಮಂಜು ಎಂಬರ್ಥದ ‘ನೆಬ್ಬಿಯಾ’ದಿಂದ ಬಂತು ಎನ್ನುವವರು ಹೆಚ್ಚು, ಕೊಯ್ಲಿನ ಅಕ್ಟೋಬರದಲ್ಲಿ ಕಣಿವೆಗಳಿಗೆ ಮಂಜು ಇಳಿದಿರುತ್ತದೆ. ಈ ದ್ರಾಕ್ಷಿ ಬೇಗ ಚಿಗುರಿ ತಡವಾಗಿ ಹಣ್ಣಾಗುವ ಜಾತಿ. ಹಾಗಾಗಿ ಬಿಸಿಲು ಬೀಳುವ ಇಳಿಜಾರೇ ಬೇಕು, ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬರೋಲೊ ಬೆಳೆಯಲು ನಿಯಮವೇ ಒಪ್ಪುವುದಿಲ್ಲ. ಹೆಕ್ಟೇರಿಗೆ 8 ಟನ್ನಿಗಿಂತ ಹೆಚ್ಚು ಹಣ್ಣು ತೆಗೆಯುವಂತಿಲ್ಲ. ಬರೋಲೊಗೆ 1966ರಲ್ಲಿ ಡಿಒಸಿ (ಇಂಥ ಊರಿನದೇ ಎಂಬ ಕಾನೂನಿನ ಮುದ್ರೆ), 1980ರಲ್ಲಿ ಅದಕ್ಕೂ ಮೇಲಿನ, ಖಾತರಿ ಸಹಿತದ ಡಿಒಸಿಜಿ ಮಾನ್ಯತೆ ಬಂತು. 2014ರಲ್ಲಿ ಈ ದ್ರಾಕ್ಷಿ ಸೀಮೆ ಯುನೆಸ್ಕೊ ಪಟ್ಟಿಗೂ ಸೇರಿತು.

ಕುಡಿಯುವವರು ನೆನಪಿಡಬೇಕಾದ ಭೂಗೋಳ ಒಂದೇ. ಪಶ್ಚಿಮದ ಲಾ ಮೊರಾ ಮತ್ತು ಬರೋಲೊ ಊರಿನ ಬಹುಪಾಲು ನೆಲ ನೀಲಿ-ಬೂದು ಬಣ್ಣದ ಸುಣ್ಣ ಬೆರೆತ ಜೇಡಿ. ಅಲ್ಲಿನ ವೈನಿಗೆ ಪರಿಮಳ ಮುಂದು, ಒಗರು ಕೊಂಚ ನಯ. ಪೂರ್ವದ ಸೆರ್ರಲುಂಗ ದಾಲ್ಬಾ, ಮೊನ್‌ಫೋರ್ತೆ ದಾಲ್ಬಾ ಕಡೆ ನೆಲ ಇನ್ನೂ ಹಳೆಯದು, ಮರಳುಗಲ್ಲಿನ ಪದರ ಹೆಚ್ಚು. ಅಲ್ಲಿನ ವೈನು ಬಿಗಿ, ಗಂಭೀರ, ಬಾಯಿ ಬಿಡಲು ವರ್ಷಗಳು ಬೇಕು. ನಡುವೆ ಕಾಸ್ತಿಲ್ಯೋನೆ ಫಲ್ಲೆತ್ತೊ ಎರಡರ ಗುಣವನ್ನೂ ಸ್ವಲ್ಪ ಸ್ವಲ್ಪ ಹಂಚಿಕೊಂಡಿದೆ. ಇದು ದೊಡ್ಡ ಕುಂಚದಲ್ಲಿ ಬರೆದ ನಕ್ಷೆ. ಒಂದೇ ಊರಿನ ಎರಡು ಗುಡ್ಡಗಳೂ ಬೇರೆ ಬೇರೆ ಮಾತಾಡುತ್ತವೆ. ಕಲಿಯುವವರಿಗೆ ಮಾತ್ರ ಇಷ್ಟು ಸಾಕು.

ಯಾವ ಬಾಟಲಿಯಿಂದ ಶುರು

ನೇರವಾಗಿ ಬರೋಲೊಗೆ ಹೋಗಬೇಡಿ. ಅದೇ ದ್ರಾಕ್ಷಿಯ ಸುಲಭದ ಮೆಟ್ಟಿಲುಗಳಿವೆ, ಬೆಲೆಯೂ ಕಡಿಮೆ. ಮೊದಲನೆಯದು ಲಾಂಗೆ ನೆಬ್ಬಿಯೋಲೊ. ಇದರಲ್ಲಿ ಕನಿಷ್ಠ 85 ಶೇಕಡಾ ನೆಬ್ಬಿಯೋಲೊ ಇರಬೇಕು. ಬೇಗ ಮಾರಾಟಕ್ಕೆ ಬರುವುದರಿಂದ ಹಣ್ಣಿನ ತಾಜಾತನ ಮುಂದಿರುತ್ತದೆ. ಬರೋಲೊ ಮಾಡುವ ಮನೆಗಳೇ ತಮ್ಮ ಎಳೆ ಬಳ್ಳಿಗಳ ಹಣ್ಣನ್ನು ಇದಕ್ಕೆ ಹಾಕುವುದುಂಟು. ಎರಡನೆಯದು ನೆಬ್ಬಿಯೋಲೊ ದಾಲ್ಬಾ. ಮೂರನೆಯದು ಬಾರ್ಬರೆಸ್ಕೊ: ಆಲ್ಬಾದ ಇನ್ನೊಂದು ಮಗ್ಗುಲಿನ ಗುಡ್ಡಗಳದು, ಕನಿಷ್ಠ 26 ತಿಂಗಳು ಮಾಗಿಸಿದ್ದು, ಅದರಲ್ಲಿ 9 ತಿಂಗಳು ಮರದ ಪೀಪಾಯಿಯಲ್ಲಿ. ನಾಲ್ಕನೆಯದು ಬರೋಲೊ: ಕನಿಷ್ಠ 38 ತಿಂಗಳು, ಮರದಲ್ಲಿ 18. ‘ರಿಸೆರ್ವಾ’ ಎಂದಿದ್ದರೆ 62 ತಿಂಗಳು. ಲೆಕ್ಕ ಶುರುವಾಗುವುದು ಕೊಯ್ಲಿನ ವರ್ಷದ ನವೆಂಬರ್ 1ರಿಂದ.

ಬಾರ್ಬರೆಸ್ಕೊದಲ್ಲಿ ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ ಎಂಬ ಬೆಳೆಗಾರರ ಸಹಕಾರ ಸಂಘವಿದೆ, 1958ರದು. ಅದರ ಲಾಂಗೆ ನೆಬ್ಬಿಯೋಲೊ ಮತ್ತು ಸಾದಾ ಬಾರ್ಬರೆಸ್ಕೊ ಎರಡನ್ನೂ ತಂದು ಪಕ್ಕಪಕ್ಕ ಇಟ್ಟು ಕುಡಿದರೆ ಮೆಟ್ಟಿಲುಗಳ ಅಂತರ ಬಾಯಿಗೆ ಸಿಗುತ್ತದೆ. ಬರೋಲೊ ಮನೆಗಳಲ್ಲಿ ಜಿ.ಡಿ. ವಾಯ್ರಾ, ಒದ್ದೇರೊ, ಮಾಸ್ಸೊಲಿನೊ, ವಿಯೆತ್ತಿ, ಫೊಂತಾನಫ್ರೆದ್ದಾ ಹೆಸರುಗಳು ಹೊರದೇಶಗಳ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ.

ಲೇಬಲ್ಲಿನಲ್ಲಿ ನೋಡಬೇಕಾದ್ದು ಇಷ್ಟು. ಕತ್ತಿನ ಬಳಿ ಕ್ರಮಸಂಖ್ಯೆಯುಳ್ಳ ಡಿಒಸಿಜಿ ಪಟ್ಟಿ ಇರಬೇಕು. ‘ಬರೋಲೊ’ ಎಂದಷ್ಟೇ ಇದ್ದರೆ ಬೇರೆ ಬೇರೆ ತೋಟಗಳ ಹಣ್ಣು ಬೆರೆಸಿದ್ದು ಎಂದು ಸಾಮಾನ್ಯ ಅರ್ಥ. ಇದು ಕಡಿಮೆ ದರ್ಜೆಯದಲ್ಲ, ಹಳೆಯ ಪದ್ಧತಿಯೇ ಹಾಗಿತ್ತು. ಕಲಿಯಲು ಇದೇ ಸರಿಯಾದ ಬಾಟಲಿ. ಜೊತೆಗೆ ಕನ್ನೂಬಿ, ಬ್ರುನಾತೆ, ಬುಸ್ಸಿಯಾ, ವಿಲ್ಲೇರೊ, ಮೊನ್‌ವಿಲ್ಯೇರೊ ಥರದ ಹೆಸರಿದ್ದರೆ ಅದು ಗುಡ್ಡದ ಹೆಸರು. 2010ರ ಕೊಯ್ಲಿನಿಂದ ಇಂಥ 170 ಗುಡ್ಡಗಳ ಹೆಸರು, ಜೊತೆಗೆ 11 ಊರುಗಳ ಹೆಸರು, ಒಟ್ಟು 181 ಅಧಿಕೃತ. ‘ಬರೋಲೊ ಕಿನಾತೊ’ ಎಂದಿದ್ದರೆ ಮಾತ್ರ ಎಚ್ಚರ. ಸಿಂಕೋನಾ ತೊಗಟೆ, ಸಂಬಾರ, ಸಕ್ಕರೆ ಹಾಕಿದ ಊಟದ ನಂತರದ ಪಾನೀಯ ಅದು. ಚಾಕಲೇಟಿನ ಜೊತೆ ಬಹಳ ರುಚಿ, ಆದರೆ ಈ ಪಾಠಕ್ಕೆ ಬರುವುದಿಲ್ಲ.

ವರ್ಷದ ವಿಚಾರ: 2010, 2013, 2016, 2019 ಬಿಗಿಯಾದ, ದೀರ್ಘಕಾಲ ಬಾಳುವ ವರ್ಷಗಳು. ಎಳೆಯದರಲ್ಲಿ ತೆರೆದರೆ ಒಗರು ಜೋರು. 2017 ಬಿಸಿ, ಬರಗಾಲದ ವರ್ಷ. 2018 ಹಗುರ, ಬೇಗ ಕುಡಿಯಲು ಒದಗುವಂಥದ್ದು. ಹಾಗಾಗಿ ‘ಶ್ರೇಷ್ಠ ವರ್ಷ’ ಎಂದು 2019ರ ಸೆರ್ರಲುಂಗ ಬಾಟಲಿ ತಂದು ಅದೇ ಸಂಜೆ ತೆರೆಯುವುದಕ್ಕಿಂತ 2018ರ ಲಾ ಮೊರಾ ತೆರೆದರೆ ಹೊಸಬರಿಗೆ ಹೆಚ್ಚು ಸುಖ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಭಾರತದಲ್ಲಿ ಕೊಳ್ಳುವವರು ಬೆಲೆಗಿಂತ ಮೊದಲು ಬಾಟಲಿ ಎಲ್ಲಿ ನಿಂತಿತ್ತು ಎಂದು ನೋಡಬೇಕು. ಬಿಸಿಲು ಬೀಳುವ ಷೋಕೇಸಿನದು, ಎಸಿ ಇಲ್ಲದ ಅಟ್ಟದ್ದು ಬೇಡ. ಕಾರ್ಕು ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಮುಚ್ಚಳದ ಹಾಳೆಯ ಕೆಳಗೆ ಅಂಟು ಕಲೆ ಇದ್ದರೆ, ವೈನು ಕತ್ತಿನಿಂದ ಭುಜದ ತನಕ ಇಳಿದಿದ್ದರೆ ಬಾಟಲಿ ಬಿಸಿ ತಿಂದಿದೆ. ಒಳಗಿನದು ಬೇಯಿಸಿದ ಹಣ್ಣಿನ ಮುರಬ್ಬದಂತೆ ನಾರುತ್ತದೆ. ಗಾಳಿ ತಾಗಿಸಿದರೂ ಸರಿಹೋಗುವುದಿಲ್ಲ.

ತಂಪು, ಗ್ಲಾಸು, ಗಾಳಿ

ಕೆಂಪು ವೈನನ್ನು ‘ಕೋಣೆಯ ಉಷ್ಣಾಂಶ’ದಲ್ಲಿ ಕುಡಿಯಬೇಕು ಎನ್ನುವ ಮಾತು ಯೂರೋಪಿನ ಹಳೆಯ ಕಲ್ಲುಮನೆಗಳದು. ಬರೋಲೊಗೆ ಬೇಕಾದ್ದು 16ರಿಂದ 18 ಡಿಗ್ರಿ. 28 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ ಹಾಗೇ ಸುರಿದರೆ 14 ಶೇಕಡಾ ಆಲ್ಕೊಹಾಲು ಮೂಗಿಗೆ ಹೊಡೆಯುತ್ತದೆ, ಗುಲಾಬಿಯ ಪರಿಮಳ ಅದರಡಿ ಹೂತುಹೋಗುತ್ತದೆ. ತೀರಾ ತಣ್ಣಗಾದರೆ, 12ಕ್ಕೆ ಇಳಿದರೆ, ಒಗರು ಮತ್ತು ಹುಳಿ ಎರಡೂ ಚೂಪಾಗಿ ಚುಚ್ಚುತ್ತವೆ. ‘ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ’ ಎಂಬ ಸಲಹೆ 20 ಡಿಗ್ರಿಯ ಮನೆಗೆ ಹೊಂದೀತು. 28ರಿಂದ 17ಕ್ಕೆ ಇಳಿಸಲು ಫ್ರಿಜ್ಜಿಗೆ ಸುಮಾರು ಒಂದೂವರೆ ಗಂಟೆ ಬೇಕು. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು ಅರ್ಧ ನೀರು ಹಾಕಿ ಕತ್ತಿನವರೆಗೆ ಮುಳುಗಿಸಿ, ಸುಮಾರು ಹತ್ತು ನಿಮಿಷ. ಬರೀ ಐಸು ಹಾಕಿದರೆ ನಿಧಾನ. ನೀರಿದ್ದರೇ ಬಾಟಲಿಯ ಮೈಗೆಲ್ಲ ತಂಪು ತಾಗುತ್ತದೆ. ಅಡುಗೆಯ ಡಿಜಿಟಲ್ ಥರ್ಮಾಮೀಟರನ್ನು ಮೊದಲ ಗ್ಲಾಸಿಗೆ ಅದ್ದಿ ನೋಡಿಬಿಡಿ, ಊಹೆ ಬೇಡ. 15ರಲ್ಲಿ ಸುರಿದರೂ ತೊಂದರೆಯಿಲ್ಲ, ನಮ್ಮ ಹವೆಯಲ್ಲಿ ಗ್ಲಾಸು ತಾನೇ ಬೆಚ್ಚಗಾಗುತ್ತದೆ.

ಗ್ಲಾಸು ದೊಡ್ಡದಿರಲಿ: ಹೊಟ್ಟೆ ಅಗಲ, ಬಾಯಿ ಕಿರಿದು, 600–700 ಮಿಲಿ ಹಿಡಿಯುವಂಥದ್ದು. ಅದಕ್ಕೆ ಸುರಿಯುವುದು 75ರಿಂದ 100 ಮಿಲಿ ಮಾತ್ರ. ಉಳಿದ ಜಾಗ ಪರಿಮಳಕ್ಕೆ. ಕಪಾಟಿನ ಮರದ ವಾಸನೆ, ಪಾತ್ರೆ ಸೋಪಿನ ನಿಂಬೆ ವಾಸನೆ ಗ್ಲಾಸಿಗೆ ಹಿಡಿದಿರುತ್ತದೆ. ಬಿಸಿನೀರಿನಲ್ಲಿ ತೊಳೆದು, ಒಂದು ಚಮಚ ವೈನ್ ಹಾಕಿ ಸುತ್ತಿಸಿ ಚೆಲ್ಲಿ, ಆಮೇಲೆ ಸುರಿಯಿರಿ.

ಗಾಳಿ ತಾಗಿಸುವುದರಲ್ಲಿ ಎಳೆಯದಕ್ಕೂ ಹಳೆಯದಕ್ಕೂ ನಿಯಮ ಬೇರೆ. ಹತ್ತು ವರ್ಷದೊಳಗಿನ ಬರೋಲೊವನ್ನು ಅಗಲ ತಳದ ಡಿಕ್ಯಾಂಟರಿಗೆ ಧಾರಾಳವಾಗಿ ಸುರಿದು 2ರಿಂದ 4 ಗಂಟೆ ಬಿಡಿ. ಡಿಕ್ಯಾಂಟರ್ ಇಲ್ಲವೆಂದರೆ ಗಾಜಿನ ಹೂಜಿ ಸಾಕು. ಬರೀ ಕಾರ್ಕು ತೆಗೆದಿಟ್ಟು ‘ಉಸಿರಾಡಲು ಬಿಟ್ಟೆ’ ಎಂದರೆ ಏನೂ ಆಗುವುದಿಲ್ಲ; ಬಾಟಲಿಯ ಬಾಯಿಯಷ್ಟಗಲದ ವೈನಿಗೆ ಮಾತ್ರ ಗಾಳಿ ತಾಗಿರುತ್ತದೆ.

ಇಪ್ಪತ್ತು ವರ್ಷ ದಾಟಿದ್ದಕ್ಕೆ ತಾಳ್ಮೆ ಬೇಕು. ಮಲಗಿದ್ದ ಬಾಟಲಿಯನ್ನು ಎರಡು ದಿನ ಮುಂಚೆಯೇ ನಿಲ್ಲಿಸಿ, ಗಷ್ಟು ತಳಕ್ಕೆ ಇಳಿಯಲಿ. ಹಳೆಯ ಕಾರ್ಕು ಸುರುಳಿ ಓಪನರಿಗೆ ಪುಡಿಯಾಗುತ್ತದೆ; ಎರಡು ತೆಳು ಅಲಗಿನ ಓಪನರನ್ನು ಕಾರ್ಕಿನ ಎರಡೂ ಬದಿಗೆ ತೂರಿಸಿ, ತಿರುಗಿಸುತ್ತಾ ಮೇಲಕ್ಕೆತ್ತಿ. ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು, ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ ಸಣ್ಣ ಧಾರೆಯಾಗಿ ಬಗ್ಗಿಸಿ. ಮೊದಲು ಬೆಳಕು ತಿಳಿಗೆಂಪಾಗಿ ದಾಟುತ್ತದೆ. ಕೊನೆಗೆ ಭುಜದ ಬಳಿ ಹೊಗೆಯ ಎಳೆಯಂಥ ಗೆರೆಯೊಂದು ತೆವಳಿ ಬರುತ್ತದೆ. ಅದು ಕತ್ತಿಗೆ ಬಂದ ಕ್ಷಣ ನಿಲ್ಲಿಸಿ. ತಳದಲ್ಲಿ 40–50 ಮಿಲಿ ಉಳಿದರೆ ಉಳಿಯಲಿ. ಆ ಗಷ್ಟು ಕಾಲಕ್ರಮದಲ್ಲಿ ಒಂದಕ್ಕೊಂದು ಕೂಡಿಕೊಂಡು ಭಾರವಾಗಿ ಇಳಿದ ಟ್ಯಾನಿನ್ನು ಮತ್ತು ಬಣ್ಣ. ಹಳೆಯ ಬರೋಲೊದ ಒಗರು ನಯವಾಗಿರುವುದಕ್ಕೆ ಇದೂ ಒಂದು ಕಾರಣ. ಅದನ್ನೇ ಕಲಕಿ ಕುಡಿದರೆ ಬಾಯೆಲ್ಲ ಕಹಿ, ಮರಳು ಮರಳು. ಬಗ್ಗಿಸಿದ ಮೇಲೆ ಕಾಯಬೇಡಿ. ಹಳೆಯ ವೈನಿನ ಪರಿಮಳ ಒಂದು ಗಂಟೆಯಲ್ಲೇ ಆರಿಹೋಗಬಹುದು.

ನೋಡಿ, ಮೂಸಿ, ಕುಡಿಯಿರಿ

ಗ್ಲಾಸನ್ನು ಬಿಳಿ ಹಾಳೆಯ ಮೇಲೆ ವಾಲಿಸಿ. ನಡುವೆ ದಾಳಿಂಬೆ ಕೆಂಪು, ಅಂಚಿಗೆ ಕಿತ್ತಳೆ ಛಾಯೆ. ನಾಲ್ಕೈದು ವರ್ಷದ ಬಾಟಲಿಯಲ್ಲೇ ಈ ಛಾಯೆ ಕಂಡರೆ ಗಾಬರಿ ಬೇಡ. ನೆಬ್ಬಿಯೋಲೊದ ಬಣ್ಣದ ದ್ರವ್ಯಗಳು ಬೇಗ ಮಾಸುವ ಜಾತಿಯವು. ಹೋಲಿಕೆಗೆ ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ–ಶಿರಾಜ್ ಕೆಂಪು ವೈನ್ ಒಂದು ಗ್ಲಾಸು ಪಕ್ಕದಲ್ಲಿಡಿ. ಅದು ಗಾಢ, ಗ್ಲಾಸಿನ ಹಿಂದೆ ಹಿಡಿದ ಬೆರಳು ಕಾಣುವುದಿಲ್ಲ. ಆದರೆ ಒಗರಿನಲ್ಲಿ ತೆಳು ಬಣ್ಣದ ಬರೋಲೊವೇ ಮುಂದೆ. ಬಣ್ಣ ನೋಡಿ ಕಸುವು ಅಳೆಯುವ ಅಭ್ಯಾಸ ಅಲ್ಲಿಗೇ ಬಿಟ್ಟುಹೋಗುತ್ತದೆ.

ಮೂಸುವಾಗ ಮೊದಲು ಗ್ಲಾಸು ಅಲುಗಿಸದೆ ಒಮ್ಮೆ, ಸುತ್ತಿಸಿ ಮತ್ತೊಮ್ಮೆ. ಬರೋಲೊ ಎಂದರೆ ಗುಲಾಬಿ ಮತ್ತು ಡಾಂಬರು ಎನ್ನುವುದು ವಾಡಿಕೆ. ಕೇಳಲು ವಿಚಿತ್ರ, ಮೂಸಿದರೆ ನಿಜ. ಪೂಜೆ ಮುಗಿದ ಮಾರನೇ ದಿನ ಬಾಡಿ ಒಣಗಿದ ಗುಲಾಬಿ ದಳದ ವಾಸನೆ ನೆನೆಸಿಕೊಳ್ಳಿ. ಬಿಸಿಲಿಗೆ ಮೆತ್ತಗಾದ ಹೊಸ ರಸ್ತೆಯದು ಅದರ ಹಿಂದೆ ಸಣ್ಣಗೆ. ಚೆರ್ರಿ, ಒಣಗಿಸಿದ ಕಿತ್ತಳೆ ಸಿಪ್ಪೆ, ಸೋಂಪು, ಅತಿಮಧುರ, ಕೆಲವೊಮ್ಮೆ ಪುದೀನಾ. ವಯಸ್ಸಾದಂತೆ ತಂಬಾಕಿನ ಎಲೆ, ಚರ್ಮ, ಒದ್ದೆ ತರಗೆಲೆ, ಅಣಬೆ. ಪಟ್ಟಿ ಕೈಯಲ್ಲಿಟ್ಟುಕೊಂಡು ಹುಡುಕಬೇಡಿ. ಅಡುಗೆಮನೆಯಿಂದ ಸೋಂಪು, ಅತಿಮಧುರದ ತುಂಡು, ಒಣ ಕಿತ್ತಳೆ ಸಿಪ್ಪೆ, ಒಣ ಗುಲಾಬಿ ದಳಗಳನ್ನು ನಾಲ್ಕು ಬಟ್ಟಲಲ್ಲಿ ಇಟ್ಟು, ಅವನ್ನು ಮೂಸಿ, ಒಂದು ನಿಮಿಷ ಬಿಟ್ಟು ಗ್ಲಾಸಿಗೆ ಮೂಗಿಡಿ. ಇದ್ದರೆ ತಾನಾಗಿ ಎದ್ದು ಬರುತ್ತದೆ.

ಗುಟುಕು 10–15 ಮಿಲಿ, ಅಂದರೆ ಎರಡು ಮೂರು ಚಹಾ ಚಮಚ. ಎಂಟು ಹತ್ತು ಸೆಕೆಂಡು ಬಾಯಲ್ಲಿ ಆಡಿಸಿ, ಒಸಡಿಗೂ ತಾಗಿಸಿ, ತುಟಿ ಬಿಚ್ಚಿ ಸ್ವಲ್ಪ ಗಾಳಿ ಎಳೆದುಕೊಳ್ಳಿ. ನುಂಗಿದ ಮೇಲೆ ಒಗರು ಎಲ್ಲಿ ಕೂತಿತು ಎಂದು ಗಮನಿಸಿ. ಬಾಯಿತುಂಬ ಸಮನಾಗಿ, ಮೈದಾ ಹಿಟ್ಟು ಉದುರಿಸಿದಂತೆ ನುಣುಪಾಗಿ ಹರಡಿದರೆ ಮಾಗಿದ ಹಣ್ಣಿನ ಒಗರು. ನಾಲಿಗೆಯ ಬುಡದಲ್ಲಿ ಕಹಿಯ ಜೊತೆ ಒರಟಾಗಿ ನಿಂತರೆ ಪೂರ್ತಿ ಹಣ್ಣಾಗದ ಸಿಪ್ಪೆ, ಬೀಜದ್ದು. ಬಾಳೆಕಾಯಿಯ ಒಗರು ಎನ್ನಿ. ಮುಂದಿನ ಒಸಡು ಮಾತ್ರ ಒಣಗಿ, ವೆನಿಲಾ, ಹುರಿದ ಕಾಫಿ ಪರಿಮಳ ಕಂಡರೆ ಹೊಸ ಓಕ್ ಪೀಪಾಯಿಯದು. ಆಮೇಲೆ ಪರಿಮಳ ಬಾಯಲ್ಲಿ ಎಷ್ಟು ಹೊತ್ತು ಉಳಿಯಿತು ಎಂದು ಮನಸ್ಸಿನಲ್ಲೇ ಎಣಿಸಿ. ಒಗರು ಕಳೆದ ಮೇಲೂ ಗುಲಾಬಿ, ಚೆರ್ರಿ ಮೂವತ್ತು ಸೆಕೆಂಡಿನ ತನಕ ಮರಳಿ ಮರಳಿ ಬರುತ್ತಿದ್ದರೆ ಕೈಯಲ್ಲಿರುವುದು ಒಳ್ಳೆಯ ಬಾಟಲಿ.

ಇಲ್ಲೇ ಬಹಳ ಮಂದಿ ತಪ್ಪುವುದು: ಗುಟುಕಿನ ಮೇಲೆ ಗುಟುಕು ಕುಡಿಯುತ್ತಾರೆ. ಒಗರು ಬಾಯಲ್ಲಿ ಕೂಡುತ್ತಾ ಹೋಗುವ ರುಚಿ. ಎಂಜಲು ಮತ್ತೆ ತುಂಬಲು ಬಿಡದೆ ಕುಡಿದರೆ ಮೂರನೆಯ ಗುಟುಕು ಮೊದಲಿನದಕ್ಕಿಂತ ಒರಟಾಗಿಯೇ ಕಾಣುತ್ತದೆ. ನಡುವೆ ಒಂದು ನಿಮಿಷ ಬಿಡಿ, ಉಪ್ಪಿಲ್ಲದ ಬ್ರೆಡ್ಡಿನ ತುಂಡು ಅಗಿಯಿರಿ, ನೀರು ಕುಡಿಯಿರಿ. ಹೀಗೇ ತೆರೆದ ಕೂಡಲೇ, ಅರ್ಧ ಗಂಟೆಗೆ, ಒಂದು, ಎರಡು, ನಾಲ್ಕು ಗಂಟೆಗೆ ಎರಡೆರಡು ಸಾಲು ಬರೆದಿಡಿ. ಬಾಟಲಿಯ ಮೂರನೇ ಒಂದು ಭಾಗವನ್ನು ಸಣ್ಣ ಬಾಟಲಿಗೆ ಬಾಯಿಯ ತನಕ ತುಂಬಿ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಮಾರನೇ ದಿನ 17 ಡಿಗ್ರಿಗೆ ತಂದು ಕುಡಿಯಿರಿ. ಎಳೆಯ ಬರೋಲೊ ಎಷ್ಟೋ ಸಲ ಎರಡನೇ ದಿನವೇ ಹೆಚ್ಚು ಮಾತಾಡುತ್ತದೆ.

ತಟ್ಟೆಯಲ್ಲಿ ಏನಿರಬೇಕು

ಲಾಂಗೆಯವರು ಬರೋಲೊವನ್ನು ಒಂಟಿಯಾಗಿ ಕುಡಿಯಲು ಮಾಡಿದ್ದಲ್ಲ. ಅವರ ತಾಯರಿನ್ ಎಂಬ ಎಳೆ ನೂಲಿನ ಪಾಸ್ತಾಕ್ಕೆ ಕಿಲೊ ಹಿಟ್ಟಿಗೆ ಮೂವತ್ತು, ಕೆಲವರು ನಲವತ್ತು ಮೊಟ್ಟೆಯ ಹಳದಿ ಹಾಕುತ್ತಾರೆ. ಮೇಲೆ ಬೆಣ್ಣೆ, ಚಳಿ ಶುರುವಾಗುವ ಕಾಲದಲ್ಲಿ ನೆಲದಡಿ ಬೆಳೆಯುವ ಅಣಬೆಯಾದ ಆಲ್ಬಾದ ಬಿಳಿ ಟ್ರಫಲ್ ತುರಿ. ಚಿವುಟಿ ಮುಚ್ಚಿದ ಪುಟ್ಟ ಕಡುಬಿನಂಥ ಅನ್ಯೊಲೊತ್ತಿ ದೆಲ್ ಪ್ಲಿನ್. ಇದೇ ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ಗೋಮಾಂಸದ ಬ್ರಸಾತೊ. ಕಾಸ್ತೆಲ್ಮಾನ್ಯೊ ಚೀಸು. ಹಾಲು ಹಾಕಿದ ಟೀ ಪಾಠ ನೆನಪಿದ್ದರೆ ಇವೆಲ್ಲದರಲ್ಲೂ ಕೊಬ್ಬು ಮತ್ತು ಪ್ರೋಟೀನು ಇರುವುದು ಯಾಕೆಂದು ಹೇಳಬೇಕಿಲ್ಲ.

ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಬಾಡಿಸಿದ ಅಣಬೆ, ಅಣಬೆ ರಿಸೊತ್ತೊ, ಹುರಿದ ಹೇಜಲ್‌ನಟ್, ಗಟ್ಟಿ ಹಳೆ ಚೀಸು ಸೊಗಸಾಗಿ ಹೊಂದುತ್ತವೆ. ಪಾರ್ಮಿಜಾನೊ ಚೀಸಿಗೆ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ ಎಂಬುದು ತಿಳಿದಿರಲಿ; ಕೆಲವು ವೈನುಗಳನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ ಅಥವಾ ಜೆಲಟಿನ್ ಹಾಕುವುದೂ ಉಂಟು. ಕಟ್ಟುನಿಟ್ಟಿನವರು ತಯಾರಕರನ್ನು ಕೇಳಿಯೇ ಕೊಳ್ಳಲಿ. ಖಾರದ ಸಾರು, ಹುಣಸೆ ಹುಳಿ, ಉಪ್ಪಿನಕಾಯಿ ಜೊತೆ ಬೇಡ. ಮೆಣಸಿನಕಾಯಿಯ ಉರಿಗೆ 14 ಶೇಕಡಾ ಆಲ್ಕೊಹಾಲು ಸೇರಿದರೆ ಬಾಯಿ ಉರಿದು ಹೋಗುತ್ತದೆ, ಒಗರು ಇಮ್ಮಡಿಯಾಗುತ್ತದೆ. ಮಟನ್ ಮಾಡುವುದಾದರೆ ಮೆಣಸಿನಕಾಯಿ ಕೈಬಿಟ್ಟು, ತುಪ್ಪ, ಈರುಳ್ಳಿ, ಸ್ವಲ್ಪ ಕಾಳುಮೆಣಸಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ.

ಪಕ್ಕಪಕ್ಕ ಇಟ್ಟಾಗ ಕಲಿಯುವುದು ಹೆಚ್ಚು

ಆರು ಮಂದಿ ಸೇರಿ ಎರಡು ಬಾಟಲಿ ಹಂಚಿಕೊಂಡರೆ ಖರ್ಚೂ ಹಗುರ, ಕುಡಿಯುವುದೂ ಮಿತಿಯಲ್ಲಿ. ಒಬ್ಬೊಬ್ಬರಿಗೂ ಎರಡು ಗ್ಲಾಸು, ತಲಾ 60 ಮಿಲಿ; ಎರಡು ಗಂಟೆ ಬಿಟ್ಟು ಇನ್ನೊಮ್ಮೆ ಅಷ್ಟೇ. ಬಾಟಲಿಗಳಿಗೆ ಹಾಳೆ ಸುತ್ತಿ 1, 2 ಎಂದು ಬರೆಯಿರಿ. ಮೊದಲ ಸಲ ಒಂದೇ ವರ್ಷದ ಲಾ ಮೊರಾ ಮತ್ತು ಸೆರ್ರಲುಂಗ. ಯಾವುದರ ಪರಿಮಳ ಮೊದಲು ತೆರೆದುಕೊಂಡಿತು, ಯಾವುದರ ಒಗರು ಎರಡನೇ ಸುತ್ತಿಗೂ ಬಗ್ಗಲಿಲ್ಲ ಎಂದು ಬರೆದಿಟ್ಟು ಹಾಳೆ ಬಿಚ್ಚಿ.

ಎರಡನೇ ಸಲ ತಯಾರಿಕೆಯ ಎರಡು ಪಂಥ. ಹಳೆಯ ಪದ್ಧತಿಯಲ್ಲಿ ಸಿಪ್ಪೆಯನ್ನು ರಸದಲ್ಲಿ ಒಂದು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಮುಳುಗಿಸಿಟ್ಟು, ‘ಬೊತ್ತೆ’ ಎಂಬ ದೊಡ್ಡ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸುತ್ತಾರೆ. 1980ರ ದಶಕದಲ್ಲಿ ಎಲಿಯೊ ಅಲ್ತಾರೆ ಮುಂತಾದ ಎಳೆಯರು ಸಿಪ್ಪೆಯ ನೆನೆಕೆಯನ್ನು ಕೆಲವೇ ದಿನಕ್ಕೆ ಇಳಿಸಿ, 225 ಲೀಟರಿನ ಬರಿಕ್ ಪೀಪಾಯಿ ತಂದರು. ತಂದೆಯ ಹಳೆಯ ಪೀಪಾಯಿಗಳನ್ನು ಅಲ್ತಾರೆ ಗರಗಸದಿಂದ ಕೊಯ್ದೇ ಹಾಕಿದರು. ಎದುರು ಪಕ್ಷದಲ್ಲಿ ಬಾರ್ತೊಲೊ ಮಸ್ಕರೆಲ್ಲೊ ಕೈಯಲ್ಲಿ ಬಿಡಿಸಿದ ಲೇಬಲ್ಲಿನ ಮೇಲೇ ‘ಬರಿಕ್ ಬೇಡ’ ಎಂದು ಬರೆದರು. ಇಂದು ಬಹುತೇಕ ಮನೆಗಳು ನಡುದಾರಿಗೆ ಬಂದಿವೆ. ಆದರೂ ಬಾಟಲಿಯ ಹಿಂಬದಿಯಲ್ಲಿ ‘ಬೊತ್ತೆ’ ಅಥವಾ ‘ಬರಿಕ್’ ಎಂದಿರುವುದನ್ನು ನೋಡಿ ಒಂದೊಂದು ಆಯ್ದರೆ, ಹಣ್ಣಿನ ಒಗರು ಮತ್ತು ಮರದ ಒಗರಿನ ಅಂತರ ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ನಮ್ಮ ಒಲವು ಬೊತ್ತೆಯ ಕಡೆ: ವೆನಿಲಾ ಬಂದ ಕಡೆ ಗುಲಾಬಿ ಹಿಂದೆ ಸರಿಯುತ್ತದೆ.

ಕೆಟ್ಟದ್ದು, ಮುಚ್ಚಿಕೊಂಡದ್ದು

ಒದ್ದೆಯಾದ ರಟ್ಟಿನ ಪೆಟ್ಟಿಗೆಯ ವಾಸನೆ, ಹಣ್ಣಿನ ಸುಳಿವೇ ಇಲ್ಲ: ಕಾರ್ಕಿನ ದೋಷ. ಗಾಳಿ ತಾಗಿದಷ್ಟೂ ಜಾಸ್ತಿಯಾಗುತ್ತದೆ. ಕಾರ್ಕು ಸಮೇತ ಅಂಗಡಿಗೆ ಮರಳಿಸಿ. ಉಗುರು ಬಣ್ಣದ ರಿಮೂವರ್ ವಾಸನೆ ಎಳೆಯಷ್ಟಿದ್ದರೆ ಸಹಿಸಬಹುದು, ಮೂಗಿಗೆ ಹೊಡೆದರೆ ದೋಷವೇ. ಡಾಂಬರು ದೋಷವಲ್ಲ, ಕಿತ್ತಳೆ ಅಂಚು ದೋಷವಲ್ಲ, ತಳದ ಗಷ್ಟು ದೋಷವಲ್ಲ. ಪರಿಮಳವೂ ಇಲ್ಲ, ದುರ್ವಾಸನೆಯೂ ಇಲ್ಲ, ಬರೀ ಒಗರು ಎಂದಾದರೆ ವೈನು ಮುಚ್ಚಿಕೊಂಡ ಕಾಲದಲ್ಲಿದೆ. ಬಾಟಲಿಯಲ್ಲಿ ಕೆಲವು ವರ್ಷ ಹಾಗೆ ಮೌನವಾಗುವುದುಂಟು. ನಾಲ್ಕು ಗಂಟೆ ಡಿಕ್ಯಾಂಟರಿನಲ್ಲಿಟ್ಟೂ ಬಾಯಿ ಬಿಡದಿದ್ದರೆ ಮಾರನೇ ದಿನಕ್ಕೆ ಇಡಿ.

ಇಟ್ಟು ಬಾಳಿಸುವ ಆಸೆಯಿದ್ದವರು 12–14 ಡಿಗ್ರಿಯ ವೈನ್ ಫ್ರಿಜ್ಜಿಲ್ಲದೆ ಕೈಹಾಕಬೇಡಿ. ದಕ್ಷಿಣ ಭಾರತದ ಬೇಸಿಗೆ ಎರಡು ದಾಟಿದರೆ ಕಪಾಟಿನ ಬಾಟಲಿ ಅಕಾಲದಲ್ಲೇ ಮುದಿಯಾಗುತ್ತದೆ. ಅಡುಗೆಯ ಫ್ರಿಜ್ಜೂ ಆಗದು, ಅಲ್ಲಿನ ಒಣ ಹವೆಗೆ ಕಾರ್ಕು ಕುಗ್ಗುತ್ತದೆ. ಜಾಗ ಇದ್ದರೆ ಒಂದೇ ಮನೆಯ, ಒಂದೇ ವರ್ಷದ ಮೂರು ಬಾಟಲಿ ಕೊಳ್ಳಿ. 2019 ಇದಕ್ಕೆ ಹೇಳಿಮಾಡಿಸಿದ ವರ್ಷ. ಮೊದಲನೆಯದು 2029ಕ್ಕೆ, ಎರಡನೆಯದು 2034ಕ್ಕೆ, ಮೂರನೆಯದು 2040ಕ್ಕೆ. ಮೊದಲ ಬಾಟಲಿಯ ದಿನ ಬರೆದ ಟಿಪ್ಪಣಿಯನ್ನು ಮಡಿಸಿ, ಉಳಿದೆರಡರ ಕತ್ತಿಗೆ ದಾರದಲ್ಲಿ ಕಟ್ಟಿ, ಬಾಟಲಿಯನ್ನು ಅಡ್ಡ ಮಲಗಿಸಿ.